ಐಸ್ ಪ್ಲಾಂಟಿನ ಗೋಡೆಗೆ ನಾಲ್ಕು ಸಾಲು

ಸ್ಟುಡಿಯೋದ ಚರಿತ್ರೆ ಬರೆದುಕೊಡು ಅಂತ ಭಾವ ಫೋನು ಮಾಡಿದ್ದರು. ಭಾವ ಅಂದರೆ ನನ್ನ ಅಕ್ಕನ ಗಂಡ. ಕುಂದಾಪುರದಿಂದ ಕೋಡಿಗೆ ಹೋಗುವ ದಾರಿಯಲ್ಲಿ, ಹೊಳೆಯ ಬದಿಗೆ, ದೊಡ್ಡ ಗಾಜಿನ ಕಿಟಕಿ ಇಟ್ಟುಕೊಂಡು ನಿಂತಿರುವ ರಾಕ್ ಸ್ಟುಡಿಯೋದ ಯಜಮಾನರು. ನಾಲ್ಕೇ ನಾಲ್ಕು ಸಾಲು ಸಾಕಂತೆ. ಬಾಗಿಲ ಪಕ್ಕದ ಗೋಡೆಗೆ ಮರದ ಹಲಗೆ ಹಾಕಿಸಿ ಅದರಲ್ಲಿ ಕೆತ್ತಿಸುತ್ತಾರಂತೆ. ಬಂದವರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಬೇಕಂತೆ.

“ಬೆಂಗ್ಳೂರಿನವ್ರ್ ಬಂದಲ್ಲಿಂದ ಶುರು ಮಾಡ್. ಅದ್ಕಿಂತ ಮುಂಚಿದ್ದ್ ಎಂತಕ್ಕೆ? ಓದುವವ್ರಿಗೆ ಬೇಜಾರ್ ಆತ್ತ್,” ಅಂದರು.

ಓದುವವರಿಗೆ ಬೇಜಾರಾಗುವ ಆ ಮುಂಚಿನದ್ದನ್ನೇ ಮೊದಲು ಬರೆಯುತ್ತೇನೆ. ನಾಲ್ಕು ಸಾಲಿಗೆ ಮುಗಿಯುವುದಿಲ್ಲ, ಹಲಗೆಯೂ ಸಾಲದು. ಹೊಟ್ಟೆಕಿಚ್ಚಿನಿಂದ ಬರೆದದ್ದು ಅಂತ ಯಾರಾದರೂ ಹೇಳಿದರೆ ಹೇಳಲಿ. ಕಿಚ್ಚು ಇರುವುದು ಹೌದು, ಅದನ್ನು ಮುಚ್ಚಿಡುವ ವಯಸ್ಸು ದಾಟಿತು.

ಆ ಸ್ಟುಡಿಯೋ ಮೊದಲು ಭಾವನ ಐಸ್ ಪ್ಲಾಂಟ್ ಆಗಿತ್ತು. ದೋಣಿಗಳಿಗೆ ಮಂಜುಗಡ್ಡೆ ಮಾಡಿ ಕೊಡುವ ಜಾಗ. ವರ್ಷದ ಹತ್ತು ತಿಂಗಳು ಅಲ್ಲಿ ಯಂತ್ರದ ಗುಡುಗು, ಅಮೋನಿಯದ ಘಾಟು, ಲಾರಿಗಳ ಸಾಲು. ಮಳೆಗಾಲದ ಎರಡು ತಿಂಗಳು ಮಾತ್ರ ಎಲ್ಲ ತಣ್ಣಗೆ. ಮೀನು ಮೊಟ್ಟೆಯಿಡುವ ಕಾಲವೆಂದು ಸರ್ಕಾರ ಆಗ ಯಂತ್ರದ ದೋಣಿಗಳನ್ನು ಕಡಲಿಗೆ ಬಿಡುವುದಿಲ್ಲ. ದೋಣಿಗಳೆಲ್ಲ ದಡ ಹತ್ತಿ ಕೂತರೆ ಐಸು ಯಾರಿಗೆ ಬೇಕು?

ನನ್ನದು ಕುಂದಾಪುರದಲ್ಲಿ ಮೈಕ್‌ಸೆಟ್ಟಿನ ಅಂಗಡಿ. ಮದುವೆ, ಯಕ್ಷಗಾನದ ಆಟ, ವಾಲಿಬಾಲ್ ಪಂದ್ಯ, ಎಲ್ಲಕ್ಕೂ ಮೈಕು ಕಟ್ಟುವವನು ನಾನು. ಮಳೆ ಹಿಡಿದರೆ ನನಗೂ ಕೆಲಸವಿಲ್ಲ. ಒಂದು ವರ್ಷ ಅಂಗಡಿಯ ಮಾಡು ಸೋರಲು ಶುರುವಾಗಿ, ಸ್ಪೀಕರು ಪೆಟ್ಟಿಗೆಗಳನ್ನೆಲ್ಲ ಭಾವನ ಕೋಲ್ಡ್ ರೂಮಿಗೆ ಸಾಗಿಸಿದೆ. ಗಡ್ಡೆಗಳನ್ನು ಪೇರಿಸಿಡುವ ಆ ಕೋಣೆಯ ಗೋಡೆ ಮೊಳಕ್ಕಿಂತ ದಪ್ಪ. ಇಟ್ಟಿಗೆ, ನಡುವೆ ಥರ್ಮೋಕೋಲು, ಮತ್ತೆ ಇಟ್ಟಿಗೆ. ಬಾಗಿಲು ಅದಕ್ಕೂ ಭಾರ. ಪೆಟ್ಟಿಗೆ ಇಟ್ಟು, ಗಾಳಿಗೆ ಬಾಗಿಲು ತಾನಾಗಿ ಮುಚ್ಚಿಕೊಂಡಾಗ ಮಳೆ ನಿಂತುಹೋಯಿತು. ಹೊರಗೆ ಆಕಾಶ ಹರಿದು ಬೀಳುತ್ತಿತ್ತು, ಒಳಗೆ ನನ್ನ ಉಸಿರು ನನಗೇ ಕೇಳುತ್ತಿತ್ತು. ನಮ್ಮೂರಿನ ಮಳೆಗಾಲದಲ್ಲಿ ಮಳೆಯ ಸದ್ದಿಲ್ಲದ ಜಾಗವನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಹಾಡು ರೆಕಾರ್ಡ್ ಮಾಡಿದರೆ ಇಲ್ಲೇ ಮಾಡಬೇಕು ಅನ್ನಿಸಿತು.

ಒಳಗೆ ಮಾತಾಡಿದರೆ ಮಾತ್ರ ಬಾವಿಯೊಳಗೆ ಕೂಗಿದ ಹಾಗೆ ಮೊಳಗುತ್ತಿತ್ತು. ಅದಕ್ಕೆ ಮದ್ದು ಕೋಡಿಯಲ್ಲೇ ಬಿದ್ದಿತ್ತು. ಹರಿದ ಹಳೆಯ ಬಲೆಗಳನ್ನು ತಂದು, ಹಾಸಿಗೆಯ ಹಾಗೆ ಮಡಚಿ ಗೋಡೆಗೆಲ್ಲ ತೂಗುಹಾಕಿದೆವು. ಮೇಲಿನಿಂದ ತೆಂಗಿನ ನಾರಿನ ಚಾಪೆ, ಗೋಣಿ. ಸದ್ದು ಸತ್ತಿತು, ಮೀನಿನ ವಾಸನೆ ಎದ್ದಿತು. ಅಲ್ಲಿಂದ ಭಾವನ ಮನೆಗೆ ಹೋದ ದಿನ ಅಕ್ಕ ನನ್ನನ್ನು ಜಗಲಿ ಹತ್ತಿಸುತ್ತಿರಲಿಲ್ಲ. “ಬಾವಿಕಟ್ಟೆ ಹತ್ರ ಹೋಯ್ ಮಿಂದ್ಕಂಡ್ ಬಾ, ಮತ್ತೆ ಉಂಬುಕೆ ಹಾಕ್ತೆ,” ಅನ್ನುತ್ತಿದ್ದಳು.

ನಮ್ಮ ರಾಕ್ ಬ್ಯಾಂಡಿನಲ್ಲಿ ನಾವು ನಾಲ್ಕು ಜನ. ನಾನು ಗಿಟಾರು, ರೆಕಾರ್ಡಿಂಗೂ ನನ್ನದೇ. ಡ್ರಮ್ಮಿಗೆ ಹಾಲಾಡಿ ಕಡೆಯ ಒಬ್ಬ ಚಂಡೆಯವ. ಮೇಳದ ಜೊತೆ ತಿರುಗಾಟ ಮುಗಿಸಿದರೆ ಮಳೆಗಾಲವಿಡೀ ಅವನೂ ಮನೆಯಲ್ಲೇ. ಬ್ರಹ್ಮಾವರದ ಮದುವೆ ಬ್ಯಾಂಡಿನವರು ಮೂಲೆಗೆ ಹಾಕಿದ್ದ ಡ್ರಮ್ ಸೆಟ್ಟನ್ನು ತಂದು ಅವನ ಮುಂದಿಟ್ಟರೆ ಸ್ಟೂಲನ್ನು ಕಾಲಿನಿಂದ ಆಚೆ ತಳ್ಳಿದ. “ಕೂಕಂಡ್ ಬಾರ್ಸುಕೆ ನಾನೆಂತ ಮದ್ದಳೆಯವ್ನಾ?” ಕೊನೆಯವರೆಗೂ ನಿಂತೇ ಬಾರಿಸಿದ, ಒಂದು ಕಾಲನ್ನು ಪೆಡಲಿನ ಮೇಲಿಟ್ಟುಕೊಂಡು. ಬೇಸ್ ಗಿಟಾರಿಗೆ ಬೈಂದೂರಿನ ಮೊಬೈಲು ರಿಪೇರಿಯವ. ನಮ್ಮಲ್ಲಿ ಮಳೆಗಾಲಕ್ಕೆ ಕೈತುಂಬ ಕೆಲಸ ಇದ್ದವನು ಅವನೊಬ್ಬನೇ. ನೀರು ಕುಡಿದ ಮೊಬೈಲುಗಳನ್ನು ಮೇಜಿನ ಮೇಲೆ ಸಾಲಾಗಿ ಮಲಗಿಸಿ, ಅಂಗಡಿ ಬಾಗಿಲು ಎಳೆದು ಬಸ್ಸು ಹತ್ತಿ ಬರುತ್ತಿದ್ದ.

ಹಾಡುವವನು ಕೋಡಿಯವ, ದೋಣಿಯಲ್ಲಿ ದುಡಿಯುವವ. ಅವನನ್ನು ನಾನು ಮೊದಲು ಕೇಳಿದ್ದು, ಆಮೇಲೆ ನೋಡಿದ್ದು. ಕಡಲ ಬದಿಗೆ ಕೈರಂಪಣಿ ಎಳೆಯುತ್ತಿದ್ದರು, ದಡದಲ್ಲಿ ನಿಂತು ಹತ್ತಾರು ಜನ ಹಗ್ಗ ಹಿಡಿದು ಎಳೆಯುವ ಬಲೆ. ಒಬ್ಬ ಕೂಗಬೇಕು, ಉಳಿದವರು ಆ ಕೂಗಿಗೆ ಸರಿಯಾಗಿ ಒಟ್ಟಿಗೆ ಜಗ್ಗಬೇಕು. ಆ ಒಬ್ಬನ ಕೂಗು ಅಲೆಯ ಸದ್ದನ್ನು ಸೀಳಿಕೊಂಡು ರಸ್ತೆಗೆ ಬಂದಿತು. ಸ್ಕೂಟರು ನಿಲ್ಲಿಸಿ ಇಳಿದು ಹೋದೆ. ಮೈಕ್ ಕಟ್ಟಿ ಕಟ್ಟಿ ಸಾವಿರ ಗಂಟಲು ಕೇಳಿದ್ದೇನೆ, ಮೈಕಿಲ್ಲದೆ ಅಷ್ಟು ದೂರ ಬರುವ ದನಿ ಅದೊಂದೇ. ಅದರೊಳಗೆ ಉಪ್ಪು ಇತ್ತು, ಸಿಟ್ಟು ಇತ್ತು, ಒಂದು ತುಂಟತನವೂ ಇತ್ತು. ರಾಕ್ ಅಂದರೆ ಏನು ಅಂತ ಅವನಿಗೆ ಗೊತ್ತಿರಲಿಲ್ಲ. ನಾನು ಕೇಳಿಸಿದೆ. ಪೂರ್ತಿ ಕೇಳಿ, “ಇವ್ರ್ ಯಾಕೆ ಕೂಗುದು? ಬಲೆ ಭಾರ ಇತ್ತಾ?” ಅಂತ ಕೇಳಿದ. ಅವತ್ತೇ ನಾನು ಅವನಿಗೆ ಮನಸೋತೆ.

ನಮ್ಮ ಪದ್ಯಗಳೆಲ್ಲ ನಮ್ಮ ಕನ್ನಡದಲ್ಲೇ. ಡೀಸೆಲಿನ ಮೇಲೆ, ಹೆದ್ದಾರಿಯ ಹೊಂಡದ ಮೇಲೆ, ಮುಂಬೈ ಹೋಟೆಲಿನಲ್ಲಿ ಪಾತ್ರೆ ತಿಕ್ಕಿ ಬಂದವನ ಗತ್ತಿನ ಮೇಲೆ. ಕೆಲಸಕ್ಕೊಂದು ಕ್ರಮವಿತ್ತು. ನಿಷೇಧ ಶುರುವಾದ ತಿಂಗಳು ನಾವು ಮೂವರು ವಾದ್ಯಗಳ ರೆಕಾರ್ಡಿಂಗ್ ಮುಗಿಸಬೇಕು. ಹಾಡುವವನು ಆ ತಿಂಗಳಿಡೀ ಬಾಯಿ ಮುಚ್ಚಿಕೊಂಡಿರಬೇಕು. ಯಾಕೆಂದರೆ ದೋಣಿಯ ಯಂತ್ರದ ಸದ್ದಿನ ಮೇಲೆ ಹತ್ತು ತಿಂಗಳು ಕೂಗಿದ ಗಂಟಲು ಬಿರುಕು ಬಿಟ್ಟ ಹಂಡೆಯಾಗಿರುತ್ತಿತ್ತು. ಕೊತ್ತಂಬರಿ ಕಷಾಯ ಕುಡಿದು, ಹೆಂಡತಿಯ ಜೊತೆ ಕೈಸನ್ನೆಯಲ್ಲೇ ಮಾತಾಡಿ, ಎರಡನೆಯ ತಿಂಗಳ ಕೊನೆಗೆ ಗಂಟಲು ತೆರೆದುಕೊಳ್ಳುತ್ತಿತ್ತು. ದೋಣಿಗಳು ಮತ್ತೆ ಇಳಿಯುವ ಮೊದಲಿನ ಕೆಲವೇ ದಿನಗಳು ಅವನ ದನಿಯ ದಿನಗಳು. ಆ ದಿನಗಳಿಗಾಗಿಯೇ ನಮ್ಮ ವರ್ಷ. ಅದು ಮುಗಿದ ಮೇಲೆ ಬಲೆ ಇಳಿಸಿ, ಸಾಮಾನು ಕಟ್ಟಿ, ಕೋಣೆ ತೊಳೆದು ಐಸಿಗೆ ಬಿಟ್ಟುಕೊಡುತ್ತಿದ್ದೆವು. ಯಾರು ಎಲ್ಲಿ ನಿಲ್ಲಬೇಕು ಅನ್ನುವುದಕ್ಕೆ ದೋಣಿಗೆ ಬಳಿಯುವ ಕೆಂಪು ಬಣ್ಣದಲ್ಲಿ ನೆಲದ ಮೇಲೆ ಗುರುತು ಹಾಕಿದ್ದೆ. ವರ್ಷವಿಡೀ ಅದರ ಮೇಲೆ ಗಡ್ಡೆ ಎಳೆದರೂ ಅಳಿಸುತ್ತಿರಲಿಲ್ಲ.

ಹೀಗೆ ಮಳೆಯ ಮೇಲೆ ಮಳೆ ಕಳೆದು ಒಂದು ಆಲ್ಬಮ್ಮಿಗೆ ಬೇಕಾದಷ್ಟು ಪದ್ಯ ಕೂಡಿತು. ಉಳಿದದ್ದು ಒಂದೇ. ಅಳಿವೆಯ ಪದ್ಯ. ಹೊಳೆ ಕಡಲಿಗೆ ಸೇರುವ ಆ ಬಾಯಿಯಲ್ಲಿ ದೋಣಿ ದಾಟಿಸುವವನಿಗೆ ದಡದಲ್ಲಿ ನಿಂತವರು ಕೂಗುವ ಪದ್ಯ. ಅವನೇ ಕಟ್ಟಿದ್ದು, ಅವನ ದನಿ ಇಲ್ಲದಿದ್ದರೆ ಅದು ಪದ್ಯವೇ ಅಲ್ಲ. ಆ ವರ್ಷ ವಾದ್ಯ ಮುಗಿಸಿ, ಅವನ ಗಂಟಲಿಗೆ ಕಾಯುತ್ತಿದ್ದೆವು. ಅದೊಂದು ಆದರೆ ನಮ್ಮ ಆಲ್ಬಮ್ ಹೊರಗೆ ಬರುತ್ತಿತ್ತು.

ಆಗ ಬೆಂಗಳೂರಿನವರು ಬಂದರು. ಬೈಂದೂರಿನವನು ಮೊಬೈಲಿನಲ್ಲಿ ಹಾಕಿದ್ದ ಸಣ್ಣ ವೀಡಿಯೋ ನೋಡಿ, ವ್ಯಾನು ಮಾಡಿಕೊಂಡು ಒಂದು ಬ್ಯಾಂಡಿಗೆ ಬ್ಯಾಂಡೇ ಬಂದಿಳಿಯಿತು. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಎಷ್ಟೋ ಸುಲಭವಿತ್ತು. ಬಲೆ ಮುಟ್ಟಿ ನೋಡಿದರು, ನೆಲದ ಕೆಂಪು ಗುರುತಿನ ಫೋಟೋ ತೆಗೆದರು, ನಮ್ಮ ಪದ್ಯ ಕೇಳಿ ಕೈ ಕುಲುಕಿದರು. ಒಂದು ಹಾಡು ಇಲ್ಲೇ ಮಾಡಿಕೊಂಡು ಹೋಗಬಹುದಾ ಅಂತ ಭಾವನನ್ನು ಕೇಳಿದರು.

ಭಾವ ನಮ್ಮ ಕಡೆ ತಿರುಗಿ, “ಪಾಪ, ಅಷ್ಟ್ ದೂರದಿಂದ ಬಂದಿರ್. ಮೊದ್ಲ್ ಅವ್ರದ್ದ್ ಆಯ್ಲಿ. ನೀವ್ ಊರಂಗೇ ಇಪ್ಪುವವ್ರಲ್ದಾ?” ಅಂದರು.

ನಾವು ನಾಲ್ಕೂ ಜನ, “ಅಡ್ಡಿಲ್ಲ” ಅಂದೆವು.

ಅಡ್ಡಿ ಇತ್ತು. ಇರುವುದೇ ಕೆಲವು ದಿನ, ಆ ದಿನಗಳು ಹೋದರೆ ವರ್ಷ ಹೋಯಿತು ಅನ್ನುವುದು ನಾಲ್ವರಿಗೂ ಗೊತ್ತಿತ್ತು. ಆದರೆ ನೆಂಟರ ಮುಂದೆ ಇಲ್ಲ ಅನ್ನುವ ನಾಲಿಗೆಯನ್ನು ನಮ್ಮೂರಿನಲ್ಲಿ ಯಾರಿಗೂ ಕೊಟ್ಟಿಲ್ಲ. ಮನೆಯಲ್ಲಿ ಒಂದೇ ಬಂಗುಡೆ ಮೀನು ಇದ್ದರೆ ಅದು ಬಂದವರ ಬಟ್ಟಲಿಗೆ. ದಾಕ್ಷಿಣ್ಯಕ್ಕೆ ಬಸುರಾದರೆ ಹೆರಲು ಜಾಗವಿಲ್ಲ ಅಂತ ಗಾದೆ ಕಟ್ಟಿದವರೂ ನಮ್ಮಂಥವರೇ, ಬಸುರಾಗುವವರೂ ನಾವೇ.

ಅವರ ಹಾಡಿಗೆ ಒಂದು ಕೂಗು ಬೇಕಾಗಿತ್ತು. ಬಲೆ ಎಳೆಯುವ ಕೂಗು. ನಮ್ಮವನನ್ನು ಕೇಳಿದರು. ಮೈಕಿನ ಮುಂದೆ ನಿಲ್ಲಿಸಿದರೆ ದನಿ ಬರಲೇ ಇಲ್ಲ. ನಾಚಿಕೊಂಡು ಹೇಳಿದ, “ಕೈಯಂಗೆ ಹಗ್ಗ ಇಲ್ದೆ ಅದ್ ಬಪ್ಪುದಿಲ್ಲ. ಭಾರ ಬೇಕ್.” ಅದು ಸುಳ್ಳಲ್ಲ. ನಮ್ಮ ಪದ್ಯ ಹಾಡುವಾಗ ಅವನು ಹಾಡುತ್ತಿದ್ದ, ಈ ಕೂಗು ಮಾತ್ರ ಹಾಡಲ್ಲ, ಕೆಲಸ. ಬರಿಗೈಯಲ್ಲಿ ಅದನ್ನು ಕೂಗಿದರೆ ಬಲೆ ಬರಿದಾಗುತ್ತದೆ ಅಂತ ಅವನ ಮನೆಯಲ್ಲಿ ಹಿರಿಯರು ಬೈಯುತ್ತಿದ್ದರಂತೆ.

ಬೆಂಗಳೂರಿನವರಿಗೆ ಅದು ಬಹಳ ಇಷ್ಟವಾಯಿತು. ದೋಣಿಯ ಹಗ್ಗ ತರಿಸಿದರು. ಒಂದು ತುದಿ ನಮ್ಮವನ ಕೈಗೆ, ಇನ್ನೊಂದು ತುದಿಯಲ್ಲಿ ಅವರ ನಾಲ್ಕು ಜನ ಕಾಲು ಊರಿ ಕೂತರು. ಅವನು ಜಗ್ಗುತ್ತ ಕೂಗಿದ. ಕೋಣೆಯಲ್ಲಿದ್ದವರ ಮೈ ಜುಮ್ಮೆಂದಿತು. ಅವರ ಹಾಡುಗಾರ ಹಗ್ಗ ಬಿಟ್ಟು ಚಪ್ಪಾಳೆ ತಟ್ಟಿದ.

“ಸೂಪರ್ ಅಣ್ಣ. ಸೇಫ್ಟಿಗೆ ಇನ್ನೊಂದ್ಸಲ ಕೊಡಿ.”

ಸೇಫ್ಟಿ ಯಾರದ್ದು ಅಂತ ನಾನು ಕೇಳಬೇಕಿತ್ತು. ಇನ್ನೊಂದು ಸಲ ಆಯಿತು. ಆಮೇಲೆ ದೂರದಿಂದ, ಆಮೇಲೆ ಬಾಗಿಲ ಕಡೆಗೆ ತಿರುಗಿ, ಆಮೇಲೆ ಕ್ಯಾಮೆರಾಕ್ಕಾಗಿ ಅಂಗಿ ಬಿಚ್ಚಿ. ಮಾರನೆಯ ದಿನವೂ ಅದೇ, ಅದರ ಮಾರನೆಯ ದಿನವೂ ಅದೇ. ಎರಡು ತಿಂಗಳ ಹತ್ತಿರ ಕಷಾಯ ಕುಡಿದು ಕೂಡಿಟ್ಟ ದನಿ. ಚಂಡೆಯವ ಒಮ್ಮೆ ನನ್ನ ಕಿವಿಯಲ್ಲಿ, “ಸಾಕ್ ಅಂತ ಹೇಳ್ ಮಾರಾಯ,” ಅಂದ. “ನೀನೇ ಹೇಳ್,” ಅಂದೆ. ಅವನೂ ಹೇಳಲಿಲ್ಲ. ಕೂಗುವವನಂತೂ, ಬಂದವರು ಬೇಸರಿಸಿಕೊಂಡಾರು ಅಂತ, ಪ್ರತಿ ಸಲ ನಕ್ಕು ಹಗ್ಗ ಹಿಡಿದ. ಕೊನೆಯ ದಿನ ಕೂಗಿನ ನಡುವೆ ಏನೋ ಹರಿದ ಹಾಗೆ ಸದ್ದಾಯಿತು. ಅವನು ಹೊರಗೆ ಹೋಗಿ ಉಗುಳಿದಾಗ ಕೆಂಪಗಿತ್ತು.

ಗಂಟಲಿನ ಡಾಕ್ಟರು ನೋಡಿ, ಒಂದೆರಡು ತಿಂಗಳು ಒಂದಕ್ಷರ ಮಾತಾಡಬಾರದು ಅಂದರು. ಮಾತಾಡದಿದ್ದರೆ ಸರಿಯಾಗಬಹುದು ಅಂತಲೂ ಹೇಳಿದರು. ಅಷ್ಟು ಹೊತ್ತಿಗೆ ನಿಷೇಧ ಮುಗಿದು ದೋಣಿಗಳು ಇಳಿದವು. ದೋಣಿ ನಡೆಸುವ ತಾಂಡೇಲನಾಗಬೇಕಿದ್ದವನು ಅವನು, ಆ ವರ್ಷವೇ ಆಗಬೇಕಿತ್ತು. ದೋಣಿಯಲ್ಲಿ ಬಾಯಿ ಮುಚ್ಚಿಕೊಂಡಿರುವುದು ಹೇಗೆ? ಯಂತ್ರದ ಸದ್ದಿನ ಮೇಲೆ, ಗಾಳಿಯ ಮೇಲೆ, ಹಗ್ಗ ಬಿಡು, ಹಿಡಿ, ತಲೆ ತಗ್ಗಿಸು ಅಂತ ಕೂಗಲೇಬೇಕು. ಕೂಗಿದ. ದೀಪಾವಳಿ ಹೊತ್ತಿಗೆ ಅವನ ಬಾಯಿಂದ ಬರುತ್ತಿದ್ದದ್ದು ಮರಳಿನ ಮೇಲೆ ಹಲಗೆ ಎಳೆದ ಸದ್ದು. ದನಿ ಇಲ್ಲದವನನ್ನು ದೋಣಿಯಲ್ಲಿ ಇಟ್ಟುಕೊಳ್ಳುವುದು ಉಳಿದವರ ಜೀವಕ್ಕೆ ಅಪಾಯ. ಅವರೂ ನೇರವಾಗಿ ಬೇಡ ಅನ್ನಲಿಲ್ಲ, ದಾಕ್ಷಿಣ್ಯ. ಕರೆಯುವುದನ್ನು ಬಿಟ್ಟರು.

ಬೆಂಗಳೂರಿನವರ ಹಾಡು ಮೊಬೈಲು ಮೊಬೈಲಿನಲ್ಲಿ ಓಡಿತು. ಹಟ್ಟಿಯಂಗಡಿಗೆ ಮೈಕು ಕಟ್ಟಲು ಹೋದರೆ ಅಲ್ಲಿನ ಹುಡುಗರ ಫೋನಿನಲ್ಲೂ ಅದೇ ಕೂಗು. ಹಾಡಿನ ಕೊನೆಗೆ ಹೆಸರುಗಳ ಸಾಲು ಬರುತ್ತದೆ. ಚಹಾ ತಂದವನ ಹೆಸರು ಕೂಡ ಇದೆ. ಕೂಗಿನ ಪಕ್ಕದಲ್ಲಿ ‘ಸ್ಥಳೀಯ ಮೀನುಗಾರರು’ ಅಂತ ಇದೆ. ಇದ್ದದ್ದು ಒಬ್ಬನೇ, ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರೂ ಇತ್ತು. ನಾನೂ ಇಲ್ಲಿ ಅದನ್ನು ಬರೆಯುತ್ತಿಲ್ಲ, ಅವನೇ ಬೇಡ ಅಂದದ್ದಕ್ಕೆ. “ಈಗ ಹೆಸ್ರ್ ಹಾಕಿ ಎಂತ ಮಾಡುದ್?” ಅಂದ.

ಅಳಿವೆಯ ಪದ್ಯ ನನ್ನ ಕಂಪ್ಯೂಟರಿನಲ್ಲಿ ಹಾಗೇ ಇದೆ. ಗಿಟಾರು ಇದೆ, ಚಂಡೆಯವನ ಏಟುಗಳಿವೆ, ದನಿಯ ಜಾಗ ಖಾಲಿ. ಬೇರೆ ಯಾರಿಂದಲಾದರೂ ಹಾಡಿಸು ಅಂತ ಬೈಂದೂರಿನವನು ಒಮ್ಮೆ ಹೇಳಿದ. ಅವನ ಜೊತೆ ನಾನು ಆರು ತಿಂಗಳು ಮಾತು ಬಿಟ್ಟೆ. ಅದು ತಪ್ಪಿರಬಹುದು, ಇರಲಿ.

ಮರುವರ್ಷ ಭಾವನಿಗೆ ಕಣ್ಣು ತೆರೆಯಿತು. ಐಸಿಗಿಂತ ಕೋಣೆಯೇ ಹೆಚ್ಚು ಬೆಲೆ ಬಾಳುತ್ತದೆ ಅಂತ. ಯಂತ್ರ ಕಳಚಿ ಮಾರಿದರು, ಬಲೆ ಕಿತ್ತು ಎಸೆದು ಅಂಗಡಿಯ ಬೂದು ಸ್ಪಂಜು ಅಂಟಿಸಿದರು, ನೆಲಕ್ಕೆ ಮರ ಹಾಸಿದರು. ನನ್ನ ಕೆಂಪು ಗುರುತುಗಳು ಅದರಡಿಯಲ್ಲಿವೆ. ನನ್ನ ಮುಖ ಸಣ್ಣಗಾದದ್ದು ನೋಡಿ, “ನಿಂಗ್ ಹೊಸತ್ ಎಂತದೂ ಕಂಡ್ರ್ ಆಪ್ದಿಲ್ಲ,” ಅಂದರು. ಹಿತ್ತಲ ಗಿಡ ಮದ್ದಲ್ಲ. ಬೆಂಗಳೂರಿನಿಂದ ಬಂದ ಯಾರೋ ಡಿಸೈನರು ಹೊಳೆ ಕಾಣಬೇಕು ಅಂದದ್ದಕ್ಕೆ, ಕೋಲ್ಡ್ ರೂಮಿನ ಪಡುವಣ ಗೋಡೆಯನ್ನೇ ಕೊರೆದು ಆಳೆತ್ತರದ ಕಿಟಕಿ ಇಟ್ಟರು. ಆ ಕೋಣೆಗೆ ಇದ್ದ ಗುಣ ಅದೊಂದೇ, ಗೋಡೆಯ ದಪ್ಪ. ಅದಕ್ಕೇ ತೂತು. ನಮ್ಮ ಕಾಲದಲ್ಲಿ ಹೊರಗೆ ಜಗಳವಾಗಲಿ, ಸಿಡಿಲು ಬೀಳಲಿ, ಒಳಗೆ ಗೊತ್ತಾಗುತ್ತಿರಲಿಲ್ಲ. ಯಾರಿಗೂ ಬಾಯಿ ಮುಚ್ಚು ಅಂತ ನಾವು ಹೇಳಿದ್ದಿಲ್ಲ. ಈಗ ಕಿಟಕಿಯ ಸಂದಿನಿಂದ ಕಾಗೆ ಕೂಗಿದರೂ ಒಳಗೆ ಕೇಳುತ್ತದೆ. ಅದಕ್ಕೆ ಗೇಟಿನಲ್ಲಿ ಕಾವಲಿನವನನ್ನು ಕೂರಿಸಿದ್ದಾರೆ, ದಾರಿಯಲ್ಲಿ ಹೋಗುವ ಊರವರ ಬಾಯಿ ಮುಚ್ಚಿಸಲು.

ಗೋಡೆ ಕೊರೆದಾಗ ಬಿದ್ದ ಥರ್ಮೋಕೋಲಿನ ತುಂಡುಗಳನ್ನು ಆಯ್ದುಕೊಂಡು ಹೋದವನು ಒಬ್ಬನೇ, ನಮ್ಮ ಹಾಡುವವ. ಅದರಲ್ಲಿ ಪೆಟ್ಟಿಗೆ ಮಾಡಿ ಸ್ಕೂಟರಿನ ಹಿಂದೆ ಕಟ್ಟಿ ಈಗ ಅವನು ಮನೆ ಮನೆಗೆ ಮೀನು ಮಾರುತ್ತಾನೆ. ಮೀನು ಮಾರುವವನಿಗೂ ಕೂಗು ಬೇಕು. ಅವನಿಗೆ ಹಾರ್ನ್ ಇದೆ. ಮನೆಯಲ್ಲಿ ಹೆಂಡತಿಯನ್ನು ಕರೆಯಬೇಕಾದರೆ ಲೋಟಕ್ಕೆ ಚಮಚ ಬಡಿಯುತ್ತಾನೆ. “ಇವ್ರ್ ಕರ್ದ್ರೆ ನಂಗ್ ಒಳ್ಗೆ ಕೇಣುದಿಲ್ಲ ಕಾಣಿ,” ಅಂತ ಅವಳು ನಗುತ್ತ ಹೇಳುತ್ತಾಳೆ.

ಇದಿಷ್ಟನ್ನು ಬರೆದ ಮೇಲೆ ಮೊನ್ನೆ ಮಧ್ಯಾಹ್ನ ಸ್ಟುಡಿಯೋಕ್ಕೆ ಹೋದೆ. ಗೇಟಿನ ಬಳಿ ಅವನ ಸ್ಕೂಟರು ನಿಂತಿತ್ತು. ಒಳಗೆ ಬಂದವರ ಅಡುಗೆಗೆ ಮೀನು ಕೊಡುವವನೂ ಅವನೇ. ಹಾರ್ನ್ ಹಾಕಿದ್ದಕ್ಕೆ ಕಾವಲಿನವನು ಓಡಿಬಂದು ಬೈಯುತ್ತಿದ್ದ. “ಎಷ್ಟ್ ಸಲ ಹೇಳೂದು? ರೆಕಾರ್ಡಿಂಗ್ ಆತಾ ಇತ್ತ್. ಗಲಾಟಿ ಮಾಡ್ಬೇಡಿ.” ಇವನು ತಪ್ಪಾಯಿತು ಅನ್ನುವ ಹಾಗೆ ಎರಡೂ ಕೈ ಎತ್ತಿದ. ನೇರ ಭಾವನ ಕೋಣೆಗೆ ಹೋದೆ.

“ಬರ್ದ್ಯಾ?” ಅಂದರು.

“ಇಲ್ಲ ಭಾವ. ನಾ ಬರೆಯುದಿಲ್ಲ. ಬೆಂಗ್ಳೂರಿನವ್ರಿಂದ ಶುರು ಮಾಡುಕೆ ನನ್ನಿಂದ ಆಪ್ದಿಲ್ಲ.”

ಹುಟ್ಟಿದ ಮೇಲೆ ಭಾವನಿಗೆ ನಾನು ಇಲ್ಲ ಅಂದದ್ದು ಅದೇ ಮೊದಲು. ಬೈಯುತ್ತಾರೆ, ಅಕ್ಕನ ಹತ್ತಿರ ದೂರು ಹೋಗುತ್ತದೆ, ನಾನೂ ಎಲ್ಲವನ್ನೂ ಹೇಳಿಬಿಡಬಹುದು ಅಂತ ನಿಂತಿದ್ದೆ. ಭಾವ ಮೊಬೈಲಿನಿಂದ ತಲೆ ಎತ್ತಿದರು.

“ಅಡ್ಡಿಲ್ಲ. ಆ ಡಿಸೈನರ್ ಬರ್ದ್ ಕೊಡ್ತ. ಊಟ ಮಾಡ್ಕಂಡ್ ಹೋಗ್, ಅಂಜಲ್ ಮೀನ್ ಬಂದಿತ್ತ್.”

ಅಷ್ಟೇ. ಇಷ್ಟು ವರ್ಷ ಹೆದರಿ ನುಂಗಿದ್ದ ಆ ಮಾತಿನ ತೂಕ ಅಷ್ಟೇ ಇತ್ತು. ಹಗ್ಗ ಹಿಡಿದ ದಿನಗಳಲ್ಲಿ ಒಮ್ಮೆ ಹೇಳಿದ್ದರೂ ಭಾವ ಹೀಗೆಯೇ ಅಡ್ಡಿಲ್ಲ ಅನ್ನುತ್ತಿದ್ದರೇನೋ, ಆ ಹುಡುಗರು ಹಗ್ಗ ಕೆಳಗಿಟ್ಟು ಚಹಾ ಕುಡಿಯುತ್ತಿದ್ದರೇನೋ.

ಉಣ್ಣದೆ ಹೊರಗೆ ಬಂದೆ. ಅವನು ಪೆಟ್ಟಿಗೆಯ ಮುಚ್ಚಳ ಹಾಕುತ್ತಿದ್ದ. ನಾನು ಅಲ್ಲೇ ನಿಂತು ಭಾವನನ್ನು, ಕಿಟಕಿಯನ್ನು, ಕಾವಲಿನವನನ್ನು, ಬೆಂಗಳೂರನ್ನು, ಎಲ್ಲವನ್ನೂ ಸೇರಿಸಿ ಗಟ್ಟಿಯಾಗಿ ಬೈಯತೊಡಗಿದೆ. ಅವನು ಗಾಬರಿಯಿಂದ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದ. ಗಾಜಿನ ಕಿಟಕಿಯ ಕಡೆ ಕಣ್ಣು ತೋರಿಸಿ, ತುಟಿಯ ಮೇಲೆ ಬೆರಳಿಟ್ಟು, ಆ ಒಡೆದ ದನಿಯಲ್ಲಿ ಹೇಳಿದ:

“ಮೆಲ್ಲ ಮಾತಾಡ್ ಮಾರಾಯ, ಒಳ್ಗೆ ಹಾಡ್ತಿದ್ರ್. ಒಂದ್ ಸಲ ಹಾಳಾರೆ ಮತ್ತ್ ಸಿಕ್ಕುದಿಲ್ಲ.”